ಡೋರ್ ಪ್ಯಾಡ್ ಮುಚ್ಚುವ ಮುನ್ನ: ಜೆ.ಸಿ. ರಸ್ತೆಯ ಫಿಟ್ಟರ್‌ಗಳಿಗೆ ಒಂದು ಬಹಿರಂಗ ಪತ್ರ

ಬೆಂಗಳೂರಿನ ಜೆ.ಸಿ. ರಸ್ತೆಯಲ್ಲೂ ನಾಡಿನ ಉಳಿದ ಊರುಗಳಲ್ಲೂ ಕಾರ್ ಆಕ್ಸೆಸರೀಸ್ ಅಂಗಡಿಗಳ ಮುಂದೆ ಬಾಗಿಲು ಬಿಚ್ಚಿ ಸ್ಪೀಕರ್ ಕೂರಿಸುವ ಉಸ್ತಾದರಿಗೂ, ಅವರ ಕೈಕೆಳಗೆ ಕೆಲಸ ಕಲಿಯುತ್ತಿರುವ ಹುಡುಗರಿಗೂ ನಮಸ್ಕಾರ.

ನಿಮ್ಮಲ್ಲಿಗೆ ಬರುವ ಗಿರಾಕಿ ಸಾಮಾನ್ಯವಾಗಿ ಎರಡೇ ಪ್ರಶ್ನೆ ಕೇಳುತ್ತಾನೆ. ಎಷ್ಟಾಗುತ್ತೆ? ಎಷ್ಟು ಹೊತ್ತಾಗುತ್ತೆ? ಎರಡಕ್ಕೂ ನಿಮ್ಮ ಬಳಿ ಉತ್ತರ ಸಿದ್ಧವಿರುತ್ತದೆ. ಅವನು ಕಾಫಿ ಕುಡಿದು ಬರುವಷ್ಟರಲ್ಲಿ ನಾಲ್ಕು ಬಾಗಿಲೂ ಮುಚ್ಚಿರುತ್ತವೆ, ಹಾಡು ಮೊಳಗುತ್ತಿರುತ್ತದೆ, ಅವನ ಮುಖ ಅರಳಿರುತ್ತದೆ. ಬಾಗಿಲೊಳಗೆ ಏನಿತ್ತು, ಬಿಚ್ಚಿದ್ದರಲ್ಲಿ ಎಷ್ಟು ವಾಪಸ್ ಹೋಯಿತು, ಎಷ್ಟು ಫುಟ್‌ಪಾತ್ ಪಕ್ಕದ ಕಸಕ್ಕೆ ಸೇರಿತು ಎಂದು ಕೇಳುವವರು ಅಪರೂಪ. ಈ ಪತ್ರ ಆ ಕೇಳದ ಪ್ರಶ್ನೆಯ ಬಗ್ಗೆ.

ಪುರಭವನದ ಎದುರಿನಿಂದ ಮಿನರ್ವ ವೃತ್ತದ ಕಡೆಗೆ ಸಾಗುವ ಈ ರಸ್ತೆಗೆ ಜಯಚಾಮರಾಜ ಒಡೆಯರ ಹೆಸರಿದೆ. ಒಡೆಯರು ಸ್ವತಃ ವಾಗ್ಗೇಯಕಾರರು, ಪಾಶ್ಚಾತ್ಯ ಸಂಗೀತದ ದೊಡ್ಡ ಪೋಷಕರು. ಮೈಕಿನ ಹಂಗಿಲ್ಲದೆ ಕೊನೆಯ ಸಾಲಿಗೂ ಮಾತು ಮುಟ್ಟಿಸುವ ನಟರ ರವೀಂದ್ರ ಕಲಾಕ್ಷೇತ್ರ ಇರುವುದೂ ಇದೇ ರಸ್ತೆಯಲ್ಲಿ. ಸದ್ದಿನ ಮಟ್ಟಿಗೆ ಇದು ಒಳ್ಳೆಯ ವಿಳಾಸ! ಸೀಟ್ ಕವರ್, ಸ್ಟೀರಿಯೊ, ಹಾರ್ನು, ಹೆಡ್‌ಲೈಟುಗಳ ನಡುವೆ ನಿಮ್ಮ ವರ್ಕ್‌ಶಾಪ್ ಎಂದರೆ ಬಹಳಷ್ಟು ಸಲ ರಸ್ತೆಯ ಅಂಚೇ. ಬಸ್ಸು, ಆಟೊ, ಪೊಲೀಸರ ಸೀಟಿಯ ಮಧ್ಯೆ ಬಾಗಿಲು ಅಗಲಕ್ಕೆ ತೆರೆದಿಟ್ಟು ಕೆಲಸ ಮಾಡುವ ಕಷ್ಟ ಎಸಿ ಶೋರೂಮಿನವರಿಗೆ ಗೊತ್ತಾಗುವುದಿಲ್ಲ. ಹಾಗಾಗಿ ಮುಂದಿನ ಮಾತುಗಳನ್ನು ದೂರು ಎಂದುಕೊಳ್ಳಬೇಡಿ.

ಕಾರಿಗೆ ಹೊರಗಿನಿಂದ ಸದ್ದು ತುಂಬುವ ಕಸುಬು ಹೊಸದೇನಲ್ಲ. ಷಿಕಾಗೋದ ಗ್ಯಾಲ್ವಿನ್ ಸಹೋದರರ ಕಂಪನಿ ‘ಮೊಟೊರೋಲಾ’ ಹೆಸರಿನ ಕಾರ್ ರೇಡಿಯೊ ತಂದದ್ದು 1930ರಲ್ಲಿ. ಅಟ್ಲಾಂಟಿಕ್ ಸಿಟಿಯಲ್ಲಿ ನಡೆದ ರೇಡಿಯೊ ತಯಾರಕರ ಸಮಾವೇಶದಲ್ಲಿ ಪಾಲ್ ಗ್ಯಾಲ್ವಿನ್‌ಗೆ ಮಳಿಗೆ ಇರಲಿಲ್ಲ. ತಮ್ಮ ಕಾರನ್ನೇ ಹೊರಗೆ ನಿಲ್ಲಿಸಿ, ಹೋಗಿಬರುವವರಿಗೆ ರೇಡಿಯೊ ಕೇಳಿಸಿದರು. ನಮ್ಮಲ್ಲಿ 1983ರ ಡಿಸೆಂಬರ್ 14ರಂದು ಮೊದಲ ಮಾರುತಿ 800 ಮಾಲೀಕರ ಕೈ ಸೇರಿತು. ಮುಂದಿನ ವರ್ಷಗಳಲ್ಲಿ ಆ ಪುಟ್ಟ ಕಾರಿಗೆ ಕ್ಯಾಸೆಟ್ ಸ್ಟೀರಿಯೊ ಹಾಕಿಸುವುದೇ ಮಧ್ಯಮ ವರ್ಗದ ಮನೆಗಳಲ್ಲೊಂದು ಸಂಭ್ರಮವಾಯಿತು. ಈಗಲೂ ಕೆಲವು ಕಾರುಗಳ ಅಗ್ಗದ ವೇರಿಯಂಟ್‌ಗಳು ಸ್ಪೀಕರ್ ಇಲ್ಲದೆಯೇ ಬರುತ್ತವೆ. ಬಾಗಿಲ ತಗಡಿನಲ್ಲಿ ಸ್ಪೀಕರಿನ ಗುಂಡು ತೂತು ಮಾತ್ರ ಇರುತ್ತದೆ, ಅದರ ಮೇಲೊಂದು ಪ್ಲಾಸ್ಟಿಕ್ ಹಾಳೆ. ನಿಮ್ಮ ಹೊಟ್ಟೆಪಾಡು ಇರುವುದು ಆ ಖಾಲಿ ತೂತಿನಲ್ಲೇ.

ಪ್ಯಾಡ್ ಬಿಚ್ಚುವುದರಲ್ಲಿ ನಿಮ್ಮ ಕೈಚಳಕವನ್ನು ಒಪ್ಪಲೇಬೇಕು. ಸೈಡ್ ಮಿರರ್ ಹಿಂದಿನ ತ್ರಿಕೋನದ ಪ್ಲಾಸ್ಟಿಕ್ ಮೊದಲು ಹೊರಬರುತ್ತದೆ. ಒಳಹಿಡಿಯ ಬಟ್ಟಲಲ್ಲಿ, ಉಗುರಗಲದ ಮುಚ್ಚಳದ ಕೆಳಗೆ ಒಂದು ಸ್ಕ್ರೂ; ಬಾಗಿಲು ಎಳೆದುಕೊಳ್ಳುವ ಗುಳಿಯ ತಳದಲ್ಲಿ ಇನ್ನೊಂದು. ಪವರ್ ವಿಂಡೊ ಇಲ್ಲದ ಕಾರಾದರೆ ಗಾಜು ಇಳಿಸುವ ಹಿಡಿಯ ಹಿಂದೆ ಬಾಗಿದ ತಂತಿಯ ಕ್ಲಿಪ್ಪು. ಹಳೇ ಬಟ್ಟೆಯ ಚೂರನ್ನು ಹಿಡಿಯ ಹಿಂದಕ್ಕೆ ತೂರಿಸಿ ಅತ್ತಿತ್ತ ಎರಡು ಸಲ ಎಳೆದರೆ ಸಾಕು, ಕ್ಲಿಪ್ಪು ಟಪ್ಪೆಂದು ಹಾರುತ್ತದೆ. ಅದು ಮೋರಿಗೆ ಬೀಳದಂತೆ ಇನ್ನೊಂದು ಕೈ ಆಗಲೇ ಅಡ್ಡ ಇರುತ್ತದೆ. ಆಮೇಲೆ ಅಂಚಿನ ನೈಲಾನ್ ಕ್ಲಿಪ್ಪುಗಳು. ಕೆಳಮೂಲೆಯಿಂದ ಶುರುಮಾಡಿ ಒಂದೊಂದನ್ನೇ ಎಬ್ಬಿಸಿ, ಪ್ಯಾಡನ್ನು ನೇರ ಮುಂದಕ್ಕೆ ಎಳೆಯದೆ ಮೇಲಕ್ಕೆತ್ತಬೇಕು. ಅದರ ಮೇಲಂಚು ಗಾಜಿನ ಬೀಡಿಂಗ್ ಬಳಿ ತಗಡಿಗೆ ತೂಗುಬಿದ್ದಿರುತ್ತದೆ. ಇದನ್ನು ನಿಮಗೆ ಹೇಳಿಕೊಡುವ ಅಗತ್ಯವಿಲ್ಲ.

ಆದರೆ ಕೈಯಲ್ಲಿರುವ ಹತಾರ ಯಾವುದು? ಕ್ಲಿಪ್ಪು ಎಬ್ಬಿಸಲು ಪ್ಲಾಸ್ಟಿಕ್ಕಿನ ಚಪ್ಪಟೆ ಟೂಲ್ ಸಿಗುತ್ತದೆ, ದುಬಾರಿಯೂ ಅಲ್ಲ. ಆದರೂ ಎಷ್ಟೋ ಕಡೆ ಇವತ್ತಿಗೂ ಸ್ಕ್ರೂಡ್ರೈವರ್ರೇ ಗತಿ. ಪೇಂಟಿನ ಮೇಲೆ ಅದು ಬಿಟ್ಟ ಗೀರು ಪ್ಯಾಡ್ ಮುಚ್ಚಿದ ಮೇಲೆ ಕಾಣುವುದಿಲ್ಲ, ತುಕ್ಕು ಮಾತ್ರ ಅಲ್ಲಿಂದಲೇ ಹಿಡಿಯುತ್ತದೆ. ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ಕಾರಿನ ನೈಲಾನ್ ಕ್ಲಿಪ್ಪು ಪೆಡಸಾಗಿ ಮುರಿಯುವುದು ಸಹಜ, ಅದು ನಿಮ್ಮ ತಪ್ಪಲ್ಲ. ಮುರಿದ ಜಾಗಕ್ಕೆ ಹೊಸದು ಹಾಕದೆ, ಉಳಿದವು ಹಿಡಿದುಕೊಳ್ಳುತ್ತವೆ ಬಿಡು ಎನ್ನುವುದು ತಪ್ಪು. ಕ್ಲಿಪ್ಪಿನ ಬೆಲೆ ಕೆಲವೇ ರೂಪಾಯಿ. ಅದಿಲ್ಲದ ಪ್ಯಾಡ್ ಹೊಸ ಸ್ಪೀಕರಿನ ಬೇಸ್ ಸದ್ದಿಗೆ ತಾನೂ ಕಟಕಟ ಎನ್ನತೊಡಗುತ್ತದೆ. ಆಗ ಗಿರಾಕಿ ಬೈಯುವುದು ಸ್ಪೀಕರ್ ಕಂಪನಿಯನ್ನು.

ಇನ್ನು ಪ್ಯಾಡ್ ತೆಗೆದ ಕೂಡಲೇ ಎದುರಾಗುವ ಆ ಪ್ಲಾಸ್ಟಿಕ್ ಹಾಳೆ. ಈ ಪತ್ರ ಬರೆಯಬೇಕಾಗಿ ಬಂದದ್ದೇ ಅದರಿಂದ.

ನೋಡಲು ಅದು ಹೊಸ ಸಾಮಾನಿನ ಪ್ಯಾಕಿಂಗ್ ಥರ ಇರುತ್ತದೆ. ಕೆಲವು ಕಾರುಗಳಲ್ಲಿ ತೆಳು ಪಾಲಿಥೀನ್, ಕೆಲವದರಲ್ಲಿ ಫೋಮ್. ಸುತ್ತಲೂ ಕಪ್ಪಗೆ ಅಂಟಂಟಾದ ಬ್ಯೂಟೈಲ್. ಕೈಗೆ ಮೆತ್ತಿದರೆ ಸುಲಭಕ್ಕೆ ಬಿಡದ ಅಂಟು. ಅದರ ಮೇಲೆ ಸಿಟ್ಟು ಬರುವುದು ಸಹಜ. ಬ್ಲೇಡ್ ಎಳೆದು ಹಾಳೆಯನ್ನು ಪರಪರ ಹರಿದು ಎಸೆಯುವ ದೃಶ್ಯ ಈ ಕಸುಬಿನಲ್ಲಿ ತೀರಾ ಮಾಮೂಲು. ‘ಅದೇನೂ ಬೇಡ ಸರ್, ಧೂಳಿಗೆ ಹಾಕಿರ್ತಾರೆ’ ಎಂಬ ಸಮಾಧಾನವೂ ಅದರ ಜೊತೆಗೇ ಬರುತ್ತದೆ.

ಅದು ಧೂಳಿಗೆ ಹಾಕಿದ್ದಲ್ಲ, ನೀರಿಗೆ. ಕಾರಿನ ಬಾಗಿಲೊಳಗೆ ಮಳೆನೀರು ಬರಬಾರದು ಎಂದು ಯಾವ ಕಂಪನಿಯೂ ಹಟ ಹಿಡಿಯುವುದಿಲ್ಲ. ಗಾಜಿನ ಹೊರಬದಿಯ ಬೀಡಿಂಗ್ ಎಷ್ಟೇ ಬಿಗಿಯಿದ್ದರೂ ನೀರು ಗಾಜಿಗಂಟಿ ಒಳಗಿಳಿಯುತ್ತದೆ. ಬಾಗಿಲಿನ ತಳದಲ್ಲಿರುವ ಸಣ್ಣ ಕಂಡಿಗಳಿಂದ ಹೊರಗೆ ಹೋಗುತ್ತದೆ. ಇಳಿಯುವ ದಾರಿಯಲ್ಲಿ ಅದು ಗಾಜಿನ ಮೆಷಿನ್ನಿಗೆ, ರಾಡುಗಳಿಗೆ, ವೈರುಗಳಿಗೆ ಬಡಿದು ಒಳಮುಖಕ್ಕೂ ಸಿಡಿಯುತ್ತದೆ. ಸಿಡಿದದ್ದನ್ನು ತಡೆದು ಮತ್ತೆ ಬಾಗಿಲ ಹೊಟ್ಟೆಗೇ ಇಳಿಸುವುದು ಈ ಹಾಳೆ. ಅದರ ಕೆಳಗಂಚನ್ನು ಗಮನಿಸಿ: ಎಷ್ಟೋ ಕಾರುಗಳಲ್ಲಿ ಅದನ್ನು ತಗಡಿನ ಸೀಳಿನೊಳಕ್ಕೆ ತೂರಿಸಿರುತ್ತಾರೆ, ನೀರು ಹೊರಮೈಯಲ್ಲಿ ಜಾರದೆ ಒಳಗೇ ಬೀಳಲಿ ಎಂದು. ಹಾಳೆ ಮತ್ತೆ ಅಂಟಿಸಿದವರೂ ಈ ಕೆಳಗಂಚನ್ನು ಮರೆತು ಹೊರಗೇ ಬಿಟ್ಟರೆ ಮಾಡಿದ್ದೆಲ್ಲ ವ್ಯರ್ಥ.

ಬೆಂಗಳೂರಿನ ಮಳೆಗೆ ಇದು ಬಹುಬೇಗ ಗೊತ್ತಾಗದಿರಬಹುದು. ಅದೇ ಕಾರು ಜುಲೈನಲ್ಲಿ ಶಿರಾಡಿ ಘಾಟಿ ಇಳಿದು ಮಂಗಳೂರಿಗೆ ಹೋದರೆ, ವರ್ಷಕ್ಕೆ ಏಳು ಸಾವಿರ ಮಿ.ಮೀ.ಗೂ ಮಿಕ್ಕಿ ಮಳೆ ಬೀಳುವ ಆಗುಂಬೆಯಲ್ಲಿ ಒಂದು ರಾತ್ರಿ ನಿಂತರೆ? ಪ್ಯಾಡಿನ ತಳದಿಂದ ನೀರು ಸ್ಟೆಪ್ಪಿನ ಮೇಲೆ ಹನಿದು ಕಾರ್ಪೆಟ್ ಕೆಳಗೆ ಸೇರುತ್ತದೆ. ಕಾರ್ಪೆಟ್ಟಿನ ಅಡಿಯ ದಪ್ಪ ಫೋಮ್ ಕುಡಿದ ನೀರನ್ನು ಬಿಡುವುದೇ ಇಲ್ಲ. ಮಳೆ ನಿಂತರೂ ಮರದ ಹನಿ ನಿಲ್ಲದು ಎಂಬ ಗಾದೆ ಇಲ್ಲಿ ಅಕ್ಷರಶಃ ನಿಜ. ಬಿಸಿಲು ಬಂದು ವಾರವಾದರೂ ಕಾರಿನೊಳಗೆ ಮುಗ್ಗುಲು ವಾಸನೆ. ಕಾಲಡಿಯ ವೈರಿಂಗ್ ಕಪ್ಲರ್‌ಗಳಿಗೆ ಕಿಲುಬು. ಗಿರಾಕಿ ಸರ್ವಿಸ್ ಸೆಂಟರ್ರಿಗೆ ಹೋಗಿ ಎಸಿ ಡ್ರೈನ್ ಪೈಪು ನೋಡಿಸುತ್ತಾನೆ, ಗಾಜಿನ ರಬ್ಬರ್ ಬದಲಿಸುತ್ತಾನೆ. ಸ್ಪೀಕರ್ ಹಾಕಿಸಿದ ದಿನ ನೆನಪಾಗುವುದೇ ಇಲ್ಲ.

ಹಾಳೆ ಉಳಿಸುವುದು ಕಷ್ಟವೂ ಅಲ್ಲ. ಹೇರ್ ಡ್ರೈಯರ್‌ನಿಂದ ಸ್ವಲ್ಪ ಬಿಸಿ ಕೊಟ್ಟರೆ ಬ್ಯೂಟೈಲ್ ಮೆತ್ತಗಾಗುತ್ತದೆ. ಆಗ ಅಂಟನ್ನೇ ಬ್ಲೇಡಿನಿಂದ ಕೊಯ್ದು ಹಾಳೆಯನ್ನು ಇಡಿಯಾಗಿ ತೆಗೆಯಬಹುದು. ಮತ್ತೆ ಅಂಟಿಸುವಾಗ ಅದೇ ಬ್ಯೂಟೈಲನ್ನು ಒತ್ತಿದರೆ ಹಿಡಿಯುತ್ತದೆ. ಆಗಲೇ ಹರಿದಿದ್ದರೆ ದಪ್ಪ ಪಾಲಿಥೀನನ್ನು ಅದೇ ಅಳತೆಗೆ ಕತ್ತರಿಸಿ ಹೊಸ ಬ್ಯೂಟೈಲ್ ಟೇಪಿನಿಂದ ಅಂಟಿಸಬಹುದು. ಬ್ರೌನ್ ಟೇಪ್ ಬೇಡ, ಅದು ಒಂದು ಮಳೆಗಾಲವನ್ನೂ ತಡೆಯುವುದಿಲ್ಲ.

ಇದರಲ್ಲಿ ಸದ್ದಿನ ಲಾಭವೂ ಇದೆ. ಸ್ಪೀಕರಿನ ಕೋನ್ ಮುಂದಕ್ಕೆ ಗಾಳಿ ತಳ್ಳುವಾಗಲೇ ಹಿಂದೆ ಗಾಳಿ ಎಳೆದುಕೊಳ್ಳುತ್ತದೆ. ಹಿಂದಿನ ಅಲೆ ಬಾಗಿಲ ತೂತುಗಳಿಂದ ಮುಂದಕ್ಕೆ ಬಂದು ಸೇರಿದರೆ ಎರಡೂ ಒಂದನ್ನೊಂದು ಕೊಲ್ಲುತ್ತವೆ. ಒಂದು ಕಡೆ ಸುರಿದು ಇನ್ನೊಂದು ಕಡೆ ಮೊಗೆದ ಹಾಗೆ. ಇದರಿಂದ ಮೊದಲು ಸಾಯುವುದು ಬೇಸ್. ‘ಇಷ್ಟು ದುಡ್ಡು ಕೊಟ್ಟರೂ ತಬಲಾದ ಬಾಯಾ ಕೇಳಿಸಲ್ಲವಲ್ಲ’ ಎಂದು ಬರುವ ಗಿರಾಕಿಗೆ ನೀವು ಆಂಪ್ಲಿಫೈಯರ್ ತೋರಿಸುತ್ತೀರಿ, ಸಬ್‌ಊಫರ್ ತೋರಿಸುತ್ತೀರಿ. ಒಮ್ಮೆ ತಗಡಿನ ದೊಡ್ಡ ತೂತುಗಳನ್ನು ಮುಚ್ಚಿ, ಸ್ಪೀಕರಿನ ಸುತ್ತ ಫೋಮ್ ಗ್ಯಾಸ್ಕೆಟ್ ಕೂರಿಸಿ ನೋಡಿ. ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಡ್ಯಾಂಪಿಂಗ್ ಶೀಟ್ ಅಂಟಿಸುವುದಾದರೆ ಅಲ್ಯೂಮಿನಿಯಂ ಹೊದಿಕೆಯ ಬ್ಯೂಟೈಲ್ ಶೀಟೇ ಇರಲಿ. ಅಗ್ಗದ ಡಾಂಬರು ಶೀಟು ಕಲಬುರಗಿ, ರಾಯಚೂರಿನ 40 ಡಿಗ್ರಿ ದಾಟುವ ಬಿಸಿಲಿಗೆ ಕರಗಿ ಜಾರುತ್ತದೆ, ನಾರುತ್ತದೆ. ಯಾವ ಶೀಟಾದರೂ ತಳದ ನೀರಿನ ಕಂಡಿಗಳನ್ನು ಮುಚ್ಚಕೂಡದು. ಮುಚ್ಚಿದರೆ ಬಾಗಿಲು ತೊಟ್ಟಿಯಾಗುತ್ತದೆ.

ಆಳದ ವಿಚಾರ ನಿಮಗೆ ಗೊತ್ತಿದ್ದದ್ದೇ, ಆದರೂ ಒಂದು ಮಾತು. ಆರೂವರೆ ಇಂಚಿನ ಸ್ಪೀಕರ್ ಎಂದರೆ ಎಲ್ಲ ಒಂದೇ ಅಲ್ಲ. ಹಿಂದಿನ ಮ್ಯಾಗ್ನೆಟ್ ಒಂದೊಂದರಲ್ಲಿ ಒಂದೊಂದು ಉದ್ದ. ಸ್ಕ್ರೂ ಬಿಗಿಯುವ ಮೊದಲು ಸ್ಪೀಕರನ್ನು ಕೈಯಲ್ಲಿ ಹಿಡಿದು ಗಾಜನ್ನು ಪೂರ್ತಿ ಇಳಿಸಿ ನೋಡದಿದ್ದರೆ ಟೋಲ್ ಗೇಟಿನಲ್ಲಿ ಗಾಜು ಇಳಿಸಿದಾಗ ಗೊತ್ತಾಗುತ್ತದೆ. ಜಾಗ ಸಾಲದಿದ್ದರೆ ರಿಂಗ್ ಬೇಕು. ಎಂ.ಡಿ.ಎಫ್. ರಿಂಗ್ ಕೊರೆಯಲು ಸುಲಭ, ಆದರೆ ನೀರು ಕುಡಿದು ಉಬ್ಬುತ್ತದೆ. ಬಾಗಿಲೊಳಗೆ ಪ್ಲಾಸ್ಟಿಕ್ ರಿಂಗೇ ಸರಿ. ಫೋಕ್ಸ್‌ವ್ಯಾಗನ್ ಪೋಲೊದಂಥ ಕಾರುಗಳಲ್ಲಿ ಕಂಪನಿ ಸ್ಪೀಕರಿಗೆ ಸ್ಕ್ರೂ ಇರುವುದಿಲ್ಲ, ರಿವಿಟ್ ಹೊಡೆದಿರುತ್ತಾರೆ. ಡ್ರಿಲ್ ಮಾಡಿ ತೆಗೆಯುವುದು ಅನಿವಾರ್ಯ. ಆಗ ಉದುರುವ ಕಬ್ಬಿಣದ ಪುಡಿ ಬಾಗಿಲ ತಳದಲ್ಲಿ ತುಕ್ಕಾಗುತ್ತದೆ, ಹೊಸ ಸ್ಪೀಕರಿನ ಮ್ಯಾಗ್ನೆಟ್ಟಿಗೂ ಹಾರಿ ಅಂಟುತ್ತದೆ. ಕೆಳಗೊಂದು ಒದ್ದೆ ಬಟ್ಟೆ ಹಾಸಿ, ಆಮೇಲೆ ವ್ಯಾಕ್ಯೂಮ್ ಹಿಡಿದರೆ ಮುಗಿಯಿತು.

ವೈರು ಕತ್ತರಿಸಬೇಡಿ. ಹೆಚ್ಚುಕಡಿಮೆ ಎಲ್ಲ ಜನಪ್ರಿಯ ಕಾರುಗಳಿಗೂ ಕಪ್ಲರ್ ಸಿಗುತ್ತದೆ, ನಿಮ್ಮದೇ ರಸ್ತೆಯಲ್ಲಿ. ಹೊಸ ಕಾರಿನ ಮೂಲ ವೈರಿಂಗ್‌ಗೆ ಕತ್ತರಿ ಬಿದ್ದದ್ದು ಕಂಡರೆ ಎಲೆಕ್ಟ್ರಿಕಲ್ ವಾರಂಟಿಗೆ ತಕರಾರು ಶುರುವಾಗುತ್ತದೆ. ಸೇರಿಸಲೇಬೇಕಾದಲ್ಲಿ ಸಾಲ್ಡರ್ ಅಥವಾ ಕ್ರಿಂಪ್ ಮಾಡಿ ಹೀಟ್ ಶ್ರಿಂಕ್ ತೊಡಿಸಿ. ಹಲ್ಲಿನಿಂದ ವೈರು ಸುಲಿದು, ತಿರುಚಿ, ಕಪ್ಪು ಟೇಪು ಸುತ್ತುವ ಪದ್ಧತಿಗೆ ನಮ್ಮ ಬೇಸಿಗೆಯೇ ಶತ್ರು: ಅಂಟು ಕರಗಿ ಟೇಪು ಬಿಚ್ಚಿಕೊಳ್ಳುತ್ತದೆ. ಪ್ಲಸ್ಸು ಮೈನಸ್ಸು ಅದಲುಬದಲಾದರೂ ಸ್ಪೀಕರ್ ಹಾಡುತ್ತದೆ, ಅದೇ ತೊಂದರೆ. ಎಡದ ಕೋನ್ ಮುಂದೆ ಬಂದಾಗ ಬಲದ್ದು ಹಿಂದೆ ಹೋಗಿ ಬೇಸು ಮಾಯವಾಗುತ್ತದೆ. ಅನುಮಾನ ಬಂದರೆ ಗಡಿಯಾರದ ಒಂದೂವರೆ ವೋಲ್ಟ್ ಸೆಲ್ಲನ್ನು ಸ್ಪೀಕರ್ ತುದಿಗಳಿಗೆ ಅರೆಕ್ಷಣ ಮುಟ್ಟಿಸಿ. ಕೋನ್ ಹೊರಗೆ ಬಂದರೆ ಸೆಲ್ಲಿನ ಪ್ಲಸ್ ಮುಟ್ಟಿದ್ದೇ ಸ್ಪೀಕರಿನ ಪ್ಲಸ್.

ವ್ಯಾಪಾರದ ಒಂದು ಮಾತನ್ನೂ ಹೇಳಿಬಿಡಬೇಕು. ಸ್ಟೀರಿಯೊ ಡಬ್ಬಿಯ ಮೇಲೆ ‘50 ವ್ಯಾಟ್ × 4’ ಎಂದು ಅಚ್ಚಾಗಿರುತ್ತದೆ, ಸ್ಪೀಕರ್ ಡಬ್ಬಿಯ ಮೇಲೆ 300, 400. ಎಂಜಿನ್ ಓಡುವಾಗ ಕಾರಿನಲ್ಲಿರುವುದು ಸುಮಾರು 14.4 ವೋಲ್ಟ್. ಬೇರೆ ಆಂಪ್ಲಿಫೈಯರ್ ಇಲ್ಲದ ಸ್ಟೀರಿಯೊ ಆ ವೋಲ್ಟೇಜಿನಲ್ಲಿ 4 ಓಮ್ ಸ್ಪೀಕರಿಗೆ ಸದ್ದು ಒಡೆಯದಂತೆ ಕೊಡಬಲ್ಲದ್ದು, ಕಾಗದದ ಲೆಕ್ಕದಲ್ಲೇ, ಹೆಚ್ಚೆಂದರೆ 26 ವ್ಯಾಟ್. ಕೈಗೆ ಸಿಗುವುದು ಅದಕ್ಕಿಂತ ಕಡಿಮೆ. ಹಾಗಾಗಿ ಬರೀ ಕಂಪನಿ ಸ್ಟೀರಿಯೊ ಇರುವವನಿಗೆ ಡಬ್ಬಿ ಮೇಲಿನ ವ್ಯಾಟ್ ತೋರಿಸುವುದು ಮೂಗಿಗೆ ತುಪ್ಪ ಸವರುವ ಕೆಲಸ. ಅವನಿಗೆ ಸೆನ್ಸಿಟಿವಿಟಿ ಎಷ್ಟು ಡೆಸಿಬಲ್ ಎಂಬುದನ್ನು ತೋರಿಸಿ. ಅದು ಮೂರು ಡೆಸಿಬಲ್ ಹೆಚ್ಚಿದ್ದರೆ ಅರ್ಧ ಪವರ್‌ನಲ್ಲೇ ಅಷ್ಟೇ ಸದ್ದು ಬರುತ್ತದೆ.

ಈಗ ಎಲ್ಲಕ್ಕಿಂತ ಗಂಭೀರ ವಿಷಯ. ಹತ್ತು ವರ್ಷದ ಹಿಂದೆ ನೀವು ಕೈ ಹಾಕುತ್ತಿದ್ದ ಬಾಗಿಲೂ ಇವತ್ತಿನದೂ ಒಂದೇ ಅಲ್ಲ. ಹ್ಯುಂಡೈ 2023ರ ಅಕ್ಟೋಬರ್‌ನಲ್ಲಿ ಭಾರತದ ತನ್ನ ಎಲ್ಲ ಮಾದರಿಗಳಿಗೂ ಆರು ಏರ್‌ಬ್ಯಾಗ್ ಕೊಡುವುದಾಗಿ ಸಾರಿತು. ಮಾರುತಿಯ ಹೊಸ ಸ್ವಿಫ್ಟ್ 2024ರ ಮೇ ತಿಂಗಳಲ್ಲಿ ಬಂದಾಗ ಅಗ್ಗದ ವೇರಿಯಂಟಿಗೂ ಆರು. ಪಕ್ಕದಿಂದ ಗುದ್ದಿದಾಗ ಸೀಟಿನ, ಛಾವಣಿಯ ಬ್ಯಾಗುಗಳು ಬಿಚ್ಚಿಕೊಳ್ಳಬೇಕಾದರೆ ಯಾರಾದರೂ ಸುದ್ದಿ ಮುಟ್ಟಿಸಬೇಕಲ್ಲ. ಹಲವು ಕಾರುಗಳಲ್ಲಿ ಆ ಕೆಲಸ ಮಾಡುವ ಸೆನ್ಸರ್ ಇರುವುದು ಮುಂಬಾಗಿಲ ಒಳಗೆ. ಅದು ಅಳೆಯುವುದು ಗಾಳಿಯ ಒತ್ತಡವನ್ನು. ಹೊರತಗಡು ಕುಸಿದ ಕೂಡಲೇ ಬಾಗಿಲ ಹೊಟ್ಟೆಯ ಗಾಳಿ ಹಿಂಡಿಕೊಂಡು ಒತ್ತಡ ಏರುತ್ತದೆ, ಕೆಲವೇ ಮಿಲಿಸೆಕೆಂಡುಗಳಲ್ಲಿ ಸೆನ್ಸರ್ ಸಂಕೇತ ಕಳಿಸುತ್ತದೆ. ಬಾಗಿಲಿಗೂ ಕೂತವರ ಪಕ್ಕೆಲುಬಿಗೂ ಇರುವ ಅಂತರವೇ ಒಂದು ಗೇಣು, ಕಾಯಲು ಸಮಯವಿಲ್ಲ. ತಗಡಿನಲ್ಲಿ ಹೊಸ ತೂತು ಕೊರೆದು ತೆರೆದೇ ಬಿಟ್ಟರೆ, ಹಾಳೆ ಹರಿದು ಎಸೆದರೆ, ಆ ಒತ್ತಡ ಸೋರಿಹೋಗುತ್ತದೆ. ಟೊಯೋಟಾದ ಕೆಲವು ಕಾರುಗಳ ಓನರ್ಸ್ ಮ್ಯಾನುಯಲ್ ಬಾಗಿಲಿಗೆ ತೂತು ಕೊರೆಯುವಂಥ ಮಾರ್ಪಾಡು ಕೂಡದು ಎಂದು ಎಚ್ಚರಿಸುವುದು ಇದೇ ಕಾರಣಕ್ಕೆ. ಎಲ್ಲ ಕಾರುಗಳಲ್ಲೂ ಸೆನ್ಸರ್ ಅಲ್ಲೇ ಇರುವುದಿಲ್ಲ, ಕೆಲವದರಲ್ಲಿ ನಡುಕಂಬದ ಬುಡದಲ್ಲಿರುತ್ತದೆ. ಎಲ್ಲಿದೆ ಎಂದು ತಿಳಿಯದೆ ಹೋಲ್ ಸಾ ಹಿಡಿಯುವ ಹಾಗಿಲ್ಲ. ಹಳದಿ ಕಪ್ಲರ್ ಕಂಡರಂತೂ ಅದು ಏರ್‌ಬ್ಯಾಗಿನ ಜಾಲ ಎಂದು ತಿಳಿದು ಕೈ ಹಿಂದಕ್ಕೆ ತೆಗೆಯಿರಿ. ಪ್ಯಾಡ್ ಬಿಚ್ಚಿರುವಾಗ ಹಾಡು ಪರೀಕ್ಷಿಸಲೆಂದು ಇಗ್ನಿಷನ್ ಆನ್ ಮಾಡಿದಾಗ ಸೆನ್ಸರ್ ಕಪ್ಲರ್ ಕಳಚಿದ್ದರೆ, ಮೀಟರಿನಲ್ಲಿ ಏರ್‌ಬ್ಯಾಗ್ ದೀಪ ಹತ್ತಿ ಕೂರುತ್ತದೆ. ಅದನ್ನು ಆರಿಸಲು ಸ್ಕ್ಯಾನರ್ ಹುಡುಕಿಕೊಂಡು ಅಲೆಯಬೇಕು.

ಕೊನೆಯಲ್ಲಿ ಹಿಡಿಯ ಕೇಬಲ್. ಒಳಹಿಡಿಯ ಕೇಬಲ್ ಕೊಂಡಿಗೆ ಸರಿಯಾಗಿ ಸಿಕ್ಕದೆ ಬಾಗಿಲು ಮುಚ್ಚಿದರೆ ಒಳಗಿನಿಂದ ತೆರೆಯುವುದಿಲ್ಲ. ಹೊರಗಿನ ರಾಡಿಗೂ ಪೆಟ್ಟಾಗಿದ್ದರೆ ಎರಡೂ ಕಡೆಯಿಂದ ತೆರೆಯುವುದಿಲ್ಲ. ಬಾಗಿಲು ತೆರೆದಿರುವಾಗಲೇ ಲಾಕಿನ ನಾಲಿಗೆಯನ್ನು ಸ್ಕ್ರೂಡ್ರೈವರಿನಿಂದ ಒತ್ತಿ ಕಟ್ಟೆಂದು ಕೂರಿಸಿ, ಒಳಹಿಡಿ ಒಮ್ಮೆ, ಹೊರಹಿಡಿ ಒಮ್ಮೆ ಎಳೆದು ನೋಡುವ ಹಳೇ ಉಸ್ತಾದರ ಪಾಠ ಇದಕ್ಕೇ. ಹಿಂಬಾಗಿಲಲ್ಲಿ ಕೂರುವುದು ಮಕ್ಕಳು, ಮುದುಕರು.

ಇಷ್ಟೆಲ್ಲ ಮಾಡಲು ಹೊತ್ತೆಲ್ಲಿದೆ ಎಂಬ ನಿಮ್ಮ ಪ್ರಶ್ನೆ ನ್ಯಾಯವಾದದ್ದೇ. ಸಾವಿರಗಟ್ಟಲೆ ಕೊಟ್ಟು ಸ್ಪೀಕರ್ ಕೊಳ್ಳುವ ಗಿರಾಕಿ ಫಿಟ್ಟಿಂಗ್ ಚಾರ್ಜಿಗೆ ಬಂದಾಗ ನೂರಿನ್ನೂರಕ್ಕೆ ಚೌಕಾಸಿ ಮಾಡುತ್ತಾನೆ. ಆನ್‌ಲೈನಿನಲ್ಲಿ ಕೊಂಡು ತಂದವನಂತೂ ‘ಬರೀ ಕೂರಿಸಿ ಕೊಡಿ ಅಣ್ಣ’ ಎನ್ನುತ್ತಾನೆ. ಬರೀ ಕೂರಿಸಿದರೆ ಸಿಗುವುದು ಬರೀ ಕೂರಿಸಿದ ಕೆಲಸವೇ. ಇದರಲ್ಲಿ ನಿಮ್ಮಷ್ಟೇ ತಪ್ಪು ಅವನದ್ದೂ ಇದೆ. ಅಂಗಡಿ ಮಾಲೀಕರದ್ದು ಇನ್ನೂ ಹೆಚ್ಚು: ಲಾಭವನ್ನೆಲ್ಲ ಡಬ್ಬಿಯಲ್ಲಿಟ್ಟು ಕೈಕೆಲಸವನ್ನು ಪುಕ್ಕಟೆ ಎಂದು ಬೋರ್ಡ್ ಬರೆಸಿದವರು ಅವರೇ. ಹಾಳೆ, ಬ್ಯೂಟೈಲ್, ಕ್ಲಿಪ್ಪು, ಕಪ್ಲರ್, ಕೂಲಿ ಎಂದು ಬಿಲ್ಲಿನಲ್ಲಿ ಬೇರೆಬೇರೆ ಸಾಲು ಬರೆದು ದರ ಹೇಳಿ. ಕೊಡುವವರು ಕೊಡುತ್ತಾರೆ.

ಕೋರಿಕೆ ಇಷ್ಟೇ. ಪ್ಯಾಡ್ ಮುಚ್ಚುವ ಮುನ್ನ ಗಿರಾಕಿಯನ್ನು ಕರೆದು ಬಾಗಿಲ ಒಳಗನ್ನು ಒಮ್ಮೆ ತೋರಿಸಿ: ಹಾಳೆ ಅಂಟಿದೆ, ವೈರು ಕತ್ತರಿಸಿಲ್ಲ, ಗಾಜು ಪೂರ್ತಿ ಇಳಿಯುತ್ತದೆ, ಹಿಡಿ ಎರಡೂ ಕಡೆ ಕೆಲಸ ಮಾಡುತ್ತದೆ. ಅವನ ಮೊಬೈಲಿನಲ್ಲೇ ಒಂದು ಫೋಟೊ ತೆಗೆದುಕೊಡಿ. ತೆಗೆದ ಹಳೇ ಸ್ಪೀಕರ್, ಸ್ಕ್ರೂಗಳನ್ನು ಕವರಿಗೆ ಹಾಕಿ ಅವನ ಕೈಗಿಡಿ. ಕಾರು ಮಾರುವಾಗ ಅವನಿಗೆ ಬೇಕಾಗುತ್ತವೆ. ಆಮೇಲೆ ಪ್ಯಾಡ್ ಮುಚ್ಚಿ, ಹಾಡು ಹಾಕಿ.

ಇಂತಿ,
ನಿಮ್ಮ ಕೆಲಸದ ಮೇಲೆ ನಂಬಿಕೆಯಿಟ್ಟಿರುವ ಒಬ್ಬ ಗಿರಾಕಿ